ಮುಳುಗಿದ ಹಡಗಿನ ಎಣ್ಣೆ: ಬೆಂಗಳೂರಲ್ಲಿ ಕೂತು ಮಾಡಬಹುದಾದ ಕೆಲಸ

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಅನ್ನುವ ಕಂಟೇನರ್ ಹಡಗು ಕೊಚ್ಚಿ ಆಚೆ ಸಮುದ್ರದಲ್ಲಿ ಮುಳುಗಿತು. ಸಿಬ್ಬಂದಿ 24 ಜನರೂ ಬದುಕಿದರು. ಹಡಗಿನಲ್ಲಿ 640 ಕಂಟೇನರ್ ಇದ್ದವು, 13ರಲ್ಲಿ ಅಪಾಯದ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಟ್ಯಾಂಕಿನಲ್ಲಿ 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್. ಬೆಂಗಳೂರಲ್ಲಿ ಆಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಬಂಗುಡೆ ತಿನ್ನಬಹುದಾ ಬೇಡವಾ ಅಂತ.

ಮೀನಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ದೊಡ್ಡದು ಬೇರೆ ಇದೆ. ಸುದ್ದಿ ತಣ್ಣಗಾದ ಮೇಲೂ ಹಡಗು ತಳದಲ್ಲೇ ಇರುತ್ತದೆ. ಎಣ್ಣೆ ತೆಗೆಯದಿದ್ದರೆ ಎಣ್ಣೆಯೂ ಅಲ್ಲೇ ಇರುತ್ತದೆ. ಇಪ್ಪತ್ತು ವರ್ಷಕ್ಕೋ ಐವತ್ತು ವರ್ಷಕ್ಕೋ ತಗಡು ತೂತು ಬಿದ್ದ ದಿನ ಅದು ಹೊರಗೆ ಬರುತ್ತದೆ, ಅಷ್ಟೊತ್ತಿಗೆ ಕಂಪನಿ ಇರುತ್ತೋ ಇಲ್ಲವೋ, ವಿಮೆಯಂತೂ ಇರಲ್ಲ, ಅದು ಯಾವ ಹಡಗು ಅನ್ನೋದೂ ಯಾರಿಗೂ ನೆನಪಿರಲ್ಲ. ಕಮ್ಮಿ ಖರ್ಚಿನಲ್ಲಿ ಕೆಲಸ ಮುಗಿಸೋ ಕಾಲ ಅಂದರೆ ಸೋರುವ ಮೊದಲಿನ ಕಾಲ. ಆ ಕಾಲದಲ್ಲೇ ಯಾರೂ ತಲೆಕೆಡಿಸಿಕೊಳ್ಳೋದಿಲ್ಲ.

ಎಣ್ಣೆ ತೆಗೆಯೋದು ನಮ್ಮ ಕೈಲಾಗುವ ಕೆಲಸ ಅಲ್ಲ, ಒಪ್ಪಿದೆ. ಆದರೆ ಯಾವ ಹಡಗಿಂದ ಮೊದಲು ತೆಗೆಯಬೇಕು ಅಂತ ಪಟ್ಟಿ ಮಾಡೋದು, ಅದರ ಮೇಲೆ ಕಣ್ಣಿಡೋದು, ಆಮೇಲೆ ಸರಿಯಾದ ಆಫೀಸಿಗೆ ಸರಿಯಾದ ಪ್ರಶ್ನೆ ಕೇಳೋದು, ಇಷ್ಟನ್ನು ಲ್ಯಾಪ್‌ಟಾಪ್ ಇರುವ ಯಾರು ಬೇಕಾದರೂ ಮಾಡಬಹುದು. ಮ್ಯಾಪು, ಡೇಟಾ, ಸ್ಯಾಟಲೈಟ್ ಚಿತ್ರ ಅಂತ ದಿನಾ ಕೆಲಸ ಮಾಡುವ ಜನ ಈ ಊರಲ್ಲಿ ಕಮ್ಮಿ ಇದ್ದಾರಾ? ನಾಲ್ಕು ಜನ ಸೇರಿ ವಾರಕ್ಕೆ ಒಂದು ಸಂಜೆ ಕೊಟ್ಟರೆ ಸಾಕು.

ಪಟ್ಟಿ ಹಾಕೋದು

2005ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಎಣ್ಣೆ ಸೋರುವ ಸಾಧ್ಯತೆ ಇರುವ ಮುಳುಗಿದ ಹಡಗುಗಳು ಜಗತ್ತಿನಲ್ಲಿ 8,569. ಅದರಲ್ಲಿ 1,583 ಟ್ಯಾಂಕರ್. ಒಳಗಿರುವ ಎಣ್ಣೆ 25 ಲಕ್ಷ ಟನ್ನಿಂದ 2 ಕೋಟಿ ಟನ್ ತನಕ ಇರಬಹುದು ಅಂದಿದ್ದಾರೆ. ಎಷ್ಟು ದೊಡ್ಡ ಅಂತರ ನೋಡಿ, ಒಳಗೆ ಏನಿದೆ ಅಂತ ಇಳಿದು ನೋಡಿದವರು ಕಮ್ಮಿ, ಅದಕ್ಕೇ. ಮುಕ್ಕಾಲು ಪಾಲಿಗಿಂತ ಜಾಸ್ತಿ ಹಡಗು ಎರಡನೇ ಮಹಾಯುದ್ಧದವು.

ಈ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಜಗತ್ತೆಲ್ಲ ಬೇಡ, ನಮ್ಮ ಕರಾವಳಿಯಿಂದ ಶುರು ಮಾಡಿ. ಕಾರವಾರದಿಂದ ಉಳ್ಳಾಲದವರೆಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಇದರಲ್ಲಿ ಮಂಗಳೂರು ಸುತ್ತಲೇ ಹೆಸರು ಸಿಗುತ್ತವೆ. 2007ರ ಜೂನ್‌ನಲ್ಲಿ ಮುಳುಗಿದ ಎರಿಟ್ರಿಯಾದ ಡೆನ್‌ಡೆನ್. 2009ರ ಜುಲೈನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟು ಮುಳುಗಿದ ಏಷಿಯನ್ ಫಾರೆಸ್ಟ್. 2022ರ ಜೂನ್‌ನಲ್ಲಿ ಸುಮಾರು 8,000 ಟನ್ ಉಕ್ಕಿನ ಕಾಯಿಲ್ ಹೊತ್ತು ಬಂದು ಉಳ್ಳಾಲದ ಹತ್ತಿರ ಸಿಕ್ಕಿಬಿದ್ದ ಪ್ರಿನ್ಸೆಸ್ ಮಿರಾಲ್, ಅದರ 15 ಜನ ಸಿರಿಯಾದವರನ್ನು ಕೋಸ್ಟ್ ಗಾರ್ಡ್ ಉಳಿಸಿತು. ತಿಂಗಳು ಗಮನಿಸಿದಿರಾ? ಜೂನ್, ಜುಲೈ, ಜೂನ್. ಮಳೆಗಾಲದ ಅರಬ್ಬಿ ಸಮುದ್ರ ಹಳೇ ಹಡಗಿಗೆ ಕ್ಷಮೆ ಕೊಡಲ್ಲ.

ಮಾಹಿತಿ ಎಲ್ಲಿಂದ? ಡೆಹ್ರಾಡೂನಿನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸ್ ಮಾಡುವ ನಕ್ಷೆಗಳಲ್ಲಿ ಮುಳುಗಿದ ಹಡಗಿಗೆ ಬೇರೆ ಗುರುತೇ ಇದೆ. ಹಡಗಿನವರಿಗೆ ಅಂತ ಹೊರಡಿಸುವ ನೋಟಿಸ್‌ಗಳಲ್ಲೂ ಜಾಗದ ಅಕ್ಷಾಂಶ ರೇಖಾಂಶ ಸಿಗುತ್ತದೆ. ಹಳೇ ಪತ್ರಿಕೆ ನೋಡಿ, ಮಂಗಳೂರು ಆವೃತ್ತಿಗಳಲ್ಲಿ ಬೆಂಗಳೂರು ಪುಟಕ್ಕೆ ಬಾರದ ವಿವರ ಇರುತ್ತದೆ. ಎಲ್ಲಕ್ಕಿಂತ ಒಳ್ಳೇ ಮೂಲ ಅಂದರೆ ಮಲ್ಪೆಯ, ಮಂಗಳೂರು ಬಂದರಿನ ಮೀನುಗಾರರು. ಬಲೆ ಎಲ್ಲಿ ಸಿಕ್ಕಿ ಹರಿಯುತ್ತದೆ ಅಂತ ಪ್ರತಿ ಬೋಟಿನ ತಾಂಡೇಲನ (ಬೋಟು ನಡೆಸುವವನ) ಜಿಪಿಎಸ್‌ನಲ್ಲಿ ಗುರುತು ಇರುತ್ತದೆ. ಕೇಳುವ ರೀತಿಯಲ್ಲಿ ಕೇಳಿ. ಆ ಗುರುತು ಅವರ ಹೊಟ್ಟೆಪಾಡು, ಮುಳುಗಿದ ಹಡಗಿನ ಸುತ್ತ ಮೀನು ಸೇರುತ್ತದೆ. 'ಇಂಟರ್‌ನೆಟ್‌ಗೆ ಹಾಕಲ್ಲ ಅಣ್ಣ' ಅಂತ ಮೊದಲೇ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ.

ಜಾಗ ಬರೆದುಕೊಳ್ಳುವಾಗ ಒಂದು ಎಚ್ಚರ. ನಕ್ಷೆಯವರು ಡಿಗ್ರಿ, ನಿಮಿಷದಲ್ಲಿ ಬರೆಯುತ್ತಾರೆ, ನಮ್ಮ ಮ್ಯಾಪ್ ಸಾಫ್ಟ್‌ವೇರ್ ದಶಮಾಂಶ ಕೇಳುತ್ತದೆ. 12 ಡಿಗ್ರಿ 48 ನಿಮಿಷ ಅಂದರೆ 12.80, 12.48 ಅಲ್ಲ. ಇದೊಂದು ತಪ್ಪಾದರೆ ಹಡಗು 35 ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ. ಜಾಗ ಎಷ್ಟು ನಂಬಬಹುದು ಅಂತಲೂ ಒಂದು ಕಾಲಂ ಇಡಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಜನರ ಜೊತೆ ಕಾಣೆಯಾದ ಸುವರ್ಣ ತ್ರಿಭುಜ ಬೋಟು ನೆನಪಿದೆಯಲ್ಲ, ಅದರ ಅವಶೇಷ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಾಣ್ ಆಚೆ ಸಿಕ್ಕಿದ್ದು 2019ರ ಮೇನಲ್ಲಿ. ಶಬ್ದದ ಅಲೆ ಕಳಿಸಿ ತಳ ನೋಡುವ ಸೋನಾರ್ ಇರುವವರಿಗೇ ಅಷ್ಟು ಕಷ್ಟ.

ಹಾಗೇ ಹಡಗಿನ ಐಎಂಒ (ಅಂತಾರಾಷ್ಟ್ರೀಯ ಕಡಲ ಸಂಸ್ಥೆ) ನಂಬರ್ ಹುಡುಕಿ. ಏಳು ಅಂಕಿ. ಹೆಸರು ಬದಲಾಗುತ್ತದೆ, ಬಾವುಟ ಬದಲಾಗುತ್ತದೆ, ಮಾಲೀಕ ಬದಲಾಗುತ್ತಾನೆ, ಈ ನಂಬರ್ ಬದಲಾಗಲ್ಲ. ಈಕ್ವಾಸಿಸ್ ಅನ್ನುವ ತಾಣದಲ್ಲಿ ಪುಕ್ಕಟೆ ಖಾತೆ ತೆರೆದು ನಂಬರ್ ಹಾಕಿದರೆ ಮಾಲೀಕರ ಹೆಸರು, ಕಟ್ಟಿದ ವರ್ಷ ಸಿಗುತ್ತದೆ.

ಯಾವುದು ಮೊದಲು

ಜನ ಎಡವೋದು ಇಲ್ಲೇ. ಮುಳುಗಿದ್ದೆಲ್ಲ ಟೈಂ ಬಾಂಬ್ ಅಂತ ಪೋಸ್ಟ್ ಹಾಕಿದರೆ ಲೈಕ್ ಬರುತ್ತದೆ, ಕೆಲಸ ಆಗಲ್ಲ. ಸಮುದ್ರ, ಹವಾಮಾನ ನೋಡಿಕೊಳ್ಳುವ ಅಮೆರಿಕದ ನೋವಾ ಸಂಸ್ಥೆ ತನ್ನ ಸಮುದ್ರದ ಸುಮಾರು 20,000 ಮುಳುಗಿದ ಹಡಗುಗಳನ್ನು ಜರಡಿ ಹಿಡಿದು 2013ರ ವರದಿಯಲ್ಲಿ 87ಕ್ಕೆ ಇಳಿಸಿತು. ಆ ಪಟ್ಟಿಯಲ್ಲಿದ್ದ ಕೊಯಿಂಬ್ರಾ ಅನ್ನುವ ಟ್ಯಾಂಕರ್ 1942ರಲ್ಲಿ ನ್ಯೂಯಾರ್ಕ್ ಹತ್ತಿರ ಟಾರ್ಪಿಡೊ ಏಟಿಗೆ ಮುಳುಗಿದ್ದು. 2019ರಲ್ಲಿ ಅದರಿಂದ 15 ಲಕ್ಷ ಲೀಟರಿಗೂ ಜಾಸ್ತಿ ಎಣ್ಣೆ ತೆಗೆದರು. 77 ವರ್ಷ ಆದ ಮೇಲೂ ಅಷ್ಟು ಒಳಗೇ ಇತ್ತು! ಪಟ್ಟಿ ಚಿಕ್ಕದಾದಾಗಲೇ ದುಡ್ಡು ಕೊಡುವವನು ಓದುತ್ತಾನೆ.

ಜರಡಿ ಹಿಡಿಯೋದಕ್ಕೆ ನಾನು ಕೇಳುವ ಪ್ರಶ್ನೆಗಳು ಇವು. ಎಣ್ಣೆ ಯಾವುದು, ಎಷ್ಟು? ಡೀಸೆಲ್ ಬೇಗ ಆವಿಯಾಗಿ, ಚದುರಿ ಹೋಗುತ್ತದೆ, ಆದರೆ ಬಿದ್ದ ಜಾಗದಲ್ಲಿ ವಿಷ ಜಾಸ್ತಿ. ಫರ್ನೇಸ್ ಆಯಿಲ್ ಕಪ್ಪಗೆ, ದಪ್ಪಗೆ ಇರುತ್ತದೆ, ಬಂಡೆಗೆ, ಮರಳಿಗೆ, ಬಲೆಗೆ, ಹಕ್ಕಿಯ ಪುಕ್ಕಕ್ಕೆ ಅಂಟಿದರೆ ಬಿಡಲ್ಲ. ಸರಕು ಏನು? ಉಕ್ಕಿನ ಕಾಯಿಲ್ ತಳದಲ್ಲಿ ತುಕ್ಕು ಹಿಡಿಯುತ್ತದೆ, ಅಷ್ಟೇ. ಅದಿರಿನ ಪುಡಿ ತಳದ ಜೀವಿಗಳ ಮೇಲೆ ಕೂರುತ್ತದೆ, ಆದರೆ ತೀರಕ್ಕೆ ತೇಲಿ ಬರಲ್ಲ. ಪ್ಲಾಸ್ಟಿಕ್ ದಾನಾ, ಅಂದರೆ ಕಾರ್ಖಾನೆಗೆ ಹೋಗುವ ಸಣ್ಣ ಪ್ಲಾಸ್ಟಿಕ್ ಗುಂಡು, ಮಾತ್ರ ಊರೂರು ಸುತ್ತುತ್ತದೆ. ಆಳ ಎಷ್ಟು? ಕಮ್ಮಿ ಆಳದಲ್ಲಿದ್ದರೆ ಪ್ರತಿ ಮಳೆಗಾಲದ ಅಲೆಯೂ ಹಡಗನ್ನು ಬಡಿಯುತ್ತದೆ, ಟ್ರಾಲ್ ಬಲೆ ತಗಲುತ್ತದೆ, ಬೇಗ ಒಡೆಯುತ್ತದೆ. ಅದೇ ಕಮ್ಮಿ ಆಳ ಇದ್ದರೆ ಎಣ್ಣೆ ತೆಗೆಯೋದೂ ಸುಲಭ, ಹಾಗಾಗಿ ಇದಕ್ಕೆ ಎರಡು ಕಾಲಂ ಬೇಕು.

ಇನ್ನು ವಯಸ್ಸು. ಸಮುದ್ರದ ನೀರಿನಲ್ಲಿ ಉಕ್ಕು ವರ್ಷಕ್ಕೆ ಸರಾಸರಿ 0.1 ಮಿಲಿಮೀಟರ್ ಸುತ್ತಮುತ್ತ ಸವೆಯುತ್ತದೆ ಅಂತ ಒಂದು ಒರಟು ಲೆಕ್ಕ ಇದೆ. 15 ಮಿಲಿಮೀಟರ್ ತಗಡಾದರೆ 150 ವರ್ಷ ತಡೆಯುತ್ತದೆ ಅಂತ ಭಾಗಾಕಾರ ಮಾಡಬೇಡಿ. ಸವೆತ ಎಲ್ಲ ಕಡೆ ಒಂದೇ ಥರ ಇರಲ್ಲ, ಗುಳಿಗುಳಿಯಾಗಿ ತಿನ್ನುತ್ತದೆ, ಹಳೇ ಹಡಗಿನಲ್ಲಿ ರಿವೆಟ್ ಮೊದಲು ಹೋಗುತ್ತದೆ. ಅದಕ್ಕೂ ಮುಂಚೆ ಟ್ಯಾಂಕಿನ ಗಾಳಿ ಪೈಪು, ಅಳತೆ ಪೈಪು, ವಾಲ್ವ್, ಪೈಪಿನ ಕೂಡುಗಳು ಬಿಡುತ್ತವೆ. ತಗಡು ಗಟ್ಟಿ ಇದ್ದರೂ ಸೋರಿಕೆ ಶುರುವಾಗೋದು ಇಂಥ ಕಡೆಯಿಂದ.

ಕೊನೆಯದು, ಸೋರಿದರೆ ಯಾರಿಗೆ ಹೋಗಿ ತಾಗುತ್ತದೆ? ಮುರುಡೇಶ್ವರದ ಆಚೆ ನೇತ್ರಾಣಿ ಇದೆ, ಹವಳ ಇದೆ, ಬೆಂಗಳೂರಿನ ಅರ್ಧ ಸ್ಕೂಬಾ ಜನ ಅಲ್ಲೇ ಕಲಿತಿದ್ದು. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪು ಹೆಕ್ಕಿ ಬದುಕುವ ಮನೆಗಳಿವೆ. ಒಂದು ಎಣ್ಣೆಯ ಪಟ್ಟಿ ಅಳಿವೆ ಹೊಕ್ಕರೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿಗೆ ಹತ್ತಿದರೆ, ಅದನ್ನು ತೊಳೆಯೋಕೆ ಆಗಲ್ಲ.

ಪ್ರತಿ ಪ್ರಶ್ನೆಗೂ ಒಂದರಿಂದ ಐದು ಅಂಕ ಕೊಡಿ. ಗೊತ್ತಿಲ್ಲದ ಕಡೆ ಸೊನ್ನೆ ಹಾಕಬೇಡಿ, ಮೂರು ಹಾಕಿ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇಡಿ. ಸೊನ್ನೆ ಹಾಕಿದರೆ ಮಾಹಿತಿ ಇಲ್ಲದ ಹಡಗೆಲ್ಲ ಪಟ್ಟಿಯ ಕೆಳಗೆ ಹೋಗಿ ಒಳ್ಳೇ ಹಡಗಿನ ಥರ ಕಾಣುತ್ತದೆ. ಮೀನುಗಾರಿಕೆ ಬೋಟುಗಳನ್ನು ಈ ಪಟ್ಟಿಗೆ ತರಬೇಡಿ, ಅದರಲ್ಲಿರುವ ಡೀಸೆಲ್ ಇಲ್ಲಿ ಲೆಕ್ಕಕ್ಕಿಲ್ಲ.

ಮೇಲಿಂದ ಕಣ್ಣಿಡೋದು

ಯೂರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರ ಎಲ್ಲರಿಗೂ ಪುಕ್ಕಟೆ. ಕೋಪರ್ನಿಕಸ್ ಬ್ರೌಸರ್‌ನಲ್ಲಿ ಖಾತೆ ತೆರೆದು, ಸೆಂಟಿನೆಲ್-1 ಆರಿಸಿ, ವಿವಿ ಪೋಲರೈಸೇಷನ್ (ರೇಡಾರ್ ಅಲೆಯನ್ನು ಲಂಬವಾಗಿ ಕಳಿಸಿ ಲಂಬವಾಗೇ ಹಿಡಿಯುವ ಬಗೆ) ಹಾಕಿ, ನಿಮ್ಮ ಪಟ್ಟಿಯ ಜಾಗಕ್ಕೆ ಹೋಗಿ. ನಮ್ಮ ದೇಶದ ಚಿತ್ರಗಳು ಬೇಕಾದರೆ ಇಸ್ರೋದ ಎನ್‌ಆರ್‌ಎಸ್‌ಸಿಯ ಭೂನಿಧಿ ಪೋರ್ಟಲ್ ನೋಡಿ. ರೇಡಾರ್ ಯಾಕೆ ಅಂದರೆ ಅದಕ್ಕೆ ಮೋಡ, ಕತ್ತಲೆ ಅಡ್ಡಿಯಿಲ್ಲ. ನೀರಿನ ಮೇಲಿನ ಪುಟ್ಟ ಅಲೆಗಳಿಂದ ರೇಡಾರ್ ವಾಪಸ್ ಬರುತ್ತದೆ, ಎಣ್ಣೆ ಆ ಅಲೆಗಳನ್ನು ಒತ್ತಿ ನಯ ಮಾಡುತ್ತದೆ, ಹಾಗಾಗಿ ಎಣ್ಣೆ ಇರುವ ಕಡೆ ಚಿತ್ರ ಕಪ್ಪಾಗಿ ಕಾಣುತ್ತದೆ.

ಕಪ್ಪಾಗಿದ್ದೆಲ್ಲ ಎಣ್ಣೆ ಅಲ್ಲ, ಇದು ಮುಖ್ಯ. ಗಾಳಿ ಸೆಕೆಂಡಿಗೆ 2-3 ಮೀಟರ್‌ಗಿಂತ ಕಮ್ಮಿ ಇದ್ದರೆ ಸಮುದ್ರವೇ ನಯವಾಗಿ ಎಲ್ಲ ಕಪ್ಪು. ಪಾಚಿ, ಮೀನಿನ ಎಣ್ಣೆ, ಮಳೆ ಬಿದ್ದ ಜಾಗ ಕೂಡ ಹೀಗೇ ಕಾಣುತ್ತವೆ. ಗಾಳಿ 10-12 ಮೀಟರ್ ದಾಟಿದರೆ ನಿಜವಾದ ಎಣ್ಣೆಯೂ ನೀರಿನೊಳಗೆ ಕಲಸಿ ಮರೆಯಾಗುತ್ತದೆ. ಆದ್ದರಿಂದ ಮೊದಲು ಆ ಹೊತ್ತಿನ ಗಾಳಿ ಎಷ್ಟಿತ್ತು ಅಂತ ಹವಾಮಾನದ ಡೇಟಾದಲ್ಲಿ ನೋಡಿ, ಆಮೇಲೆ ಚಿತ್ರ ತೆರೆಯಿರಿ. ನಮ್ಮ ಕಡೆ ಅಕ್ಟೋಬರ್‌ನಿಂದ ಮೇ ತನಕ ಕೆಲಸ ಚೆನ್ನಾಗಿ ನಡೆಯುತ್ತದೆ. ಜೂನ್, ಜುಲೈನಲ್ಲಿ ಕಣ್ಣು ನೋಯಿಸಿಕೊಂಡು ಪ್ರಯೋಜನ ಇಲ್ಲ.

ಈಗ ನಿಜವಾದ ಪತ್ತೇದಾರಿಕೆ. ಕಪ್ಪು ಗೆರೆಯ ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಓಡುತ್ತಿರುವ ಹಡಗು, ಕೊಳೆ ಎಣ್ಣೆ ಬಿಡುತ್ತಾ ಹೋಗುತ್ತಿದೆ ಅಂತ ಅರ್ಥ. ತುದಿಯಲ್ಲಿ ಯಾವ ಚುಕ್ಕೆಯೂ ಇಲ್ಲ, ಗೆರೆ ಗಾಳಿಗೆ ತಕ್ಕಂತೆ ಒಂದೊಂದು ದಿನ ಒಂದೊಂದು ದಿಕ್ಕಿಗೆ ತಿರುಗುತ್ತದೆ, ಆದರೆ ಹುಟ್ಟುವ ಜಾಗ ಮಾತ್ರ ಪ್ರತಿ ಚಿತ್ರದಲ್ಲೂ ಅದೇ, ಹೀಗಿದ್ದರೆ ಎಣ್ಣೆ ತಳದಿಂದ ಬರುತ್ತಿದೆ. ಆಗ ನಿಮ್ಮ ಪಟ್ಟಿ ತೆರೆಯಿರಿ. ಒಂದೇ ಚಿತ್ರ ನೋಡಿ ಯಾರಿಗೂ ಫೋನ್ ಮಾಡಬೇಡಿ, ಬೇರೆ ಬೇರೆ ದಿನದ ಮೂರು ನಾಲ್ಕು ಚಿತ್ರದಲ್ಲಿ ಅದೇ ಬಿಂದು ಬರಲಿ.

ತೀರಕ್ಕೆ ಎಣ್ಣೆ ಬಂದಿದೆ, ಎಲ್ಲಿಂದ ಅಂತ ಗೊತ್ತಿಲ್ಲ ಅಂದರೆ ಲೆಕ್ಕ ಉಲ್ಟಾ ಹಾಕಬೇಕು. ತೇಲುವ ಎಣ್ಣೆ ನೀರಿನ ಹರಿವಿನ ಜೊತೆ ಪೂರ್ತಿ ಹೋಗುತ್ತದೆ, ಅದರ ಮೇಲೆ ಗಾಳಿಯ ವೇಗದ ಸುಮಾರು 3 ಶೇಕಡ ಸೇರುತ್ತದೆ. ಗಾಳಿ ಸೆಕೆಂಡಿಗೆ 10 ಮೀಟರ್ ಇದ್ದರೆ ಎಣ್ಣೆ ಗಾಳಿಗೇ ದಿನಕ್ಕೆ 26 ಕಿಲೋಮೀಟರ್ ಹೋಗುತ್ತದೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಹರಿವು ದಕ್ಷಿಣಕ್ಕೆ, ಗಾಳಿ ದಡದ ಕಡೆಗೆ. ಎಲ್ಸಾ 3ರ ಕಂಟೇನರ್‌ಗಳು ಕೊಲ್ಲಂ, ತಿರುವನಂತಪುರಕ್ಕೆ ಹೋಗಿ ಬಿದ್ದು ನಮ್ಮ ಕಡೆ ಬಾರದೆ ಇದ್ದಿದ್ದು ಇದರಿಂದಲೇ. ನವೆಂಬರ್‌ನಿಂದ ಫೆಬ್ರವರಿ ತನಕ ಹರಿವು ಉತ್ತರಕ್ಕೆ ತಿರುಗುತ್ತದೆ, ಆಗ ಕೇರಳದಲ್ಲಿ ಸೋರಿದ್ದು ನಮಗೂ ಬರಬಹುದು. ಇದನ್ನು ಕೈಯಲ್ಲಿ ಹಾಕೋದು ಬೇಜಾರು ಅಂದರೆ ನೋವಾದವರ ಗ್ನೋಮ್ ಸಾಫ್ಟ್‌ವೇರ್ ಪುಕ್ಕಟೆ ಇದೆ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇಂಕಾಯಿಸ್ ಸಂಸ್ಥೆಯೂ ಎಣ್ಣೆ ಹೋಗುವ ದಾರಿಯ ಮುನ್ಸೂಚನೆ ಕೊಡುತ್ತದೆ.

ಈ ಥರದ ಉಲ್ಟಾ ಲೆಕ್ಕದ ಅತಿ ಒಳ್ಳೆಯ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೊದ್ದು. ಅಲ್ಲಿ ವರ್ಷಗಟ್ಟಲೆ ಚಳಿಗಾಲದಲ್ಲಿ ಎಣ್ಣೆ ಮೆತ್ತಿದ ಹಕ್ಕಿಗಳು ಸತ್ತು ದಡಕ್ಕೆ ಬರುತ್ತಿದ್ದವು. ಯಾವ ಹಡಗೂ ಅಪಘಾತ ಆಗಿರಲಿಲ್ಲ, ಓಡಾಡುವ ಹಡಗುಗಳ ಮೇಲೇ ಅನುಮಾನ. ಕೊನೆಗೆ ಹಕ್ಕಿಯ ಪುಕ್ಕದ ಎಣ್ಣೆಯನ್ನು ಲ್ಯಾಬಿನಲ್ಲಿ ಪರೀಕ್ಷಿಸಿದರೆ ವರ್ಷವರ್ಷದ್ದೂ ಒಂದೇ ಎಣ್ಣೆ. ಹರಿವಿನ ಲೆಕ್ಕ ಹಿಂದಕ್ಕೆ ಓಡಿಸಿ, 2002ರಲ್ಲಿ ಮುಳುಗುಗಾರರನ್ನು ಇಳಿಸಿ ನೋಡಿದರೆ ಸಿಕ್ಕಿದ್ದು 1953ರಲ್ಲಿ ಮುಳುಗಿದ ಜೇಕಬ್ ಲಕನ್‌ಬಾಕ್. ಬಿರುಗಾಳಿ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಬಿಡುತ್ತಿತ್ತು. 1990ರಿಂದ 2003ರ ನಡುವೆ 50,000ಕ್ಕೂ ಜಾಸ್ತಿ ಹಕ್ಕಿ ಸತ್ತಿರಬೇಕು ಅಂತ ಅಂದಾಜು. ಎಣ್ಣೆ ತೆಗೆಯೋಕೆ ಸುಮಾರು 2 ಕೋಟಿ ಡಾಲರ್ ಖರ್ಚಾಯಿತು.

ಹಾಗಂತ ಮಲ್ಪೆ ಬೀಚಲ್ಲಿ ಮಳೆಗಾಲಕ್ಕೆ ಬರುವ ಡಾಂಬರು ಉಂಡೆಗೆಲ್ಲ ಮುಳುಗಿದ ಹಡಗೇ ಕಾರಣ ಅಂತ ತೀರ್ಪು ಕೊಡಬೇಡಿ. ಅದರಲ್ಲಿ ಹೆಚ್ಚಿನದು ದೂರದಲ್ಲಿ ಓಡಾಡುವ ಟ್ಯಾಂಕರ್‌ಗಳದ್ದು. ಮಾದರಿ ತೆಗೆಯೋದಿದ್ದರೆ ಗಾಜಿನ ಬಾಟಲಿಯಲ್ಲಿ ತೆಗೆಯಿರಿ, ಮುಚ್ಚಳದ ಒಳಗೆ ಅಲ್ಯೂಮಿನಿಯಂ ಫಾಯಿಲ್ ಇಡಿ, ಕತ್ತಲಲ್ಲಿ ತಣ್ಣಗೆ ಇಡಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಪರೀಕ್ಷೆ ಕೆಡುತ್ತದೆ. ಜಾಗ, ಹೊತ್ತು, ಫೋಟೊ ಕಡ್ಡಾಯ. ಕೋರ್ಟಿಗೆ ನಡೆಯೋದು ಅಧಿಕಾರಿಗಳೇ ತೆಗೆದ ಮಾದರಿ, ನಿಮ್ಮದು ಸುಳಿವು ಕೊಡೋಕೆ ಮಾತ್ರ. ಇನ್ನೊಂದು, ಕಾರವಾರದಲ್ಲಿ ನೌಕಾನೆಲೆ ಇದೆ. ಅನುಮತಿ ಇಲ್ಲದೆ ಡ್ರೋನ್ ಹಾರಿಸಿ ಪೊಲೀಸ್ ಠಾಣೆಯಲ್ಲಿ ಕೂರಬೇಡಿ.

ತೀರದಲ್ಲಿ ಏನಾದರೂ ಸಿಕ್ಕರೆ

ಕಂಟೇನರ್ ಬಂದು ಬಿದ್ದಿದ್ದರೆ ದೂರ ನಿಲ್ಲಿ. ಎಲ್ಸಾ 3 ಸಮಯದಲ್ಲಿ ಕೇರಳ ಸರ್ಕಾರ ಹೇಳಿದ್ದು ಕನಿಷ್ಠ 200 ಮೀಟರ್. ಕ್ಯಾಲ್ಸಿಯಂ ಕಾರ್ಬೈಡ್ ಅಂದರೆ ಮಾವಿನಕಾಯಿಯನ್ನು ಕಳ್ಳದಾರಿಯಲ್ಲಿ ಹಣ್ಣು ಮಾಡೋಕೆ ಇಡುತ್ತಾರಲ್ಲ, ಅದೇ. ನೀರು ತಾಗಿದರೆ ಅಸಿಟಿಲಿನ್ ಗ್ಯಾಸ್ ಬರುತ್ತದೆ, ಕಿಡಿ ತಾಗಿದರೆ ಸ್ಫೋಟ. ಫೋನ್ ಮಾಡಬೇಕಾದ್ದು 112ಕ್ಕೆ. ಸಮುದ್ರದಲ್ಲಿ ಎಣ್ಣೆ ಕಂಡರೆ ಕೋಸ್ಟ್ ಗಾರ್ಡಿನ 1554.

ಎಣ್ಣೆಗೆ ಸೋಪು, ಡಿಟರ್ಜೆಂಟ್ ಸುರಿಯಬೇಡಿ. ಕೋಸ್ಟ್ ಗಾರ್ಡ್ ವಿಮಾನದಿಂದ ಚೆಲ್ಲುವ ಡಿಸ್ಪರ್ಸೆಂಟೇ (ಎಣ್ಣೆಯನ್ನು ಸಣ್ಣ ಹನಿಯಾಗಿ ಒಡೆಯುವ ರಾಸಾಯನಿಕ) ಬೇರೆ. ಅದನ್ನೂ ಆಳ ಇಲ್ಲದ ಕಡೆ, ದಡದ ಹತ್ತಿರ ಬಳಸಲ್ಲ, ಯಾಕೆಂದರೆ ಎಣ್ಣೆ ಮಾಯವಾಗಲ್ಲ, ನೀರಿನೊಳಗೆ ಇಳಿಯುತ್ತದೆ ಅಷ್ಟೇ.

ಪ್ಲಾಸ್ಟಿಕ್ ದಾನಾ ಮಾತ್ರ ಸಾಮಾನ್ಯ ಜನ ಕೈ ಹಾಕಬಹುದಾದ ಕೆಲಸ, ಅದೂ ಆಡಳಿತದವರು ಸರಿ ಅಂದ ಮೇಲೆ. ಪೀಣ್ಯದ ಪ್ಲಾಸ್ಟಿಕ್ ಕಾರ್ಖಾನೆಗಳಿಗೆ ಮೂಟೆಯಲ್ಲಿ ಬರುವ ಅದೇ ಬಿಳಿ ಗುಂಡುಗಳು, 3ರಿಂದ 5 ಮಿಲಿಮೀಟರ್. 2021ರಲ್ಲಿ ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಸುಟ್ಟು ಮುಳುಗಿದಾಗ ಸುಮಾರು 1,680 ಟನ್ ಇಂಥ ಗುಂಡು ಸಮುದ್ರ ಸೇರಿತು. ಕುಂಟೆಯಿಂದ ಎಳೆದರೆ ಅದು ಮರಳಿನೊಳಗೆ ಹೂತುಹೋಗುತ್ತದೆ. ಮೇಲಿನ ಪದರ ಮಾತ್ರ ಗೋರಿ, ಬಕೆಟ್ ನೀರಿಗೆ ಹಾಕಿ ಕದಡಿ. ಮರಳು ಕೆಳಗೆ ಕೂರುತ್ತದೆ, ಗುಂಡು ತೇಲುತ್ತದೆ, ಜರಡಿಯಲ್ಲಿ ಎತ್ತಿಕೊಳ್ಳಿ. ಗ್ಲೌಸ್ ಹಾಕಿ. ಸುಟ್ಟು ಕಪ್ಪಾದ ಗುಂಡಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ಮೀನು. ಬಂಗುಡೆ, ಬೂತಾಯಿ, ಅಂಜಲ್ ಥರದ ಮೀನುಗಳ ಲಿವರ್ ಎಣ್ಣೆಯ ವಿಷವನ್ನು ಸಾಕಷ್ಟು ಕರಗಿಸಿ ಹೊರಹಾಕುತ್ತದೆ, ಈಜಿಕೊಂಡು ದೂರವೂ ಹೋಗುತ್ತವೆ. ಚಿಪ್ಪಿನ ಜೀವಿಗಳಿಗೆ ಆ ಶಕ್ತಿ ಕಮ್ಮಿ, ಕೂತಲ್ಲೇ ನೀರು ಸೋಸುತ್ತಾ ವಿಷ ಕೂಡಿಡುತ್ತವೆ. ಹಾಗಾಗಿ ಸೋರಿಕೆಯಾದ ಜಾಗದ ಮರುವಾಯಿ, ನೀಲಿಕಲ್ಲು ಸ್ವಲ್ಪ ಕಾಲ ಬೇಡ. ಬೇರೆ ಮೀನನ್ನು ಮೂಸಿ ನೋಡಿ, ಸೀಮೆಎಣ್ಣೆ ವಾಸನೆ ಇದ್ದರೆ ಬಿಡಿ. ರಸೆಲ್ ಮಾರ್ಕೆಟ್ಟಿನಲ್ಲಿ ಇಡೀ ಕರಾವಳಿಯ ಮೀನಿಗೆ ಬೆನ್ನು ತಿರುಗಿಸಿದರೆ ಹೊಡೆತ ಬೀಳೋದು ಹಡಗು ಕಂಪನಿಗೆ ಅಲ್ಲ, ಮೀನುಗಾರರಿಗೆ.

ಎಣ್ಣೆ ತೆಗೆಯುವುದು ಹೇಗೆ

ಇದು ಗೊತ್ತಿದ್ದರೆ ಕೇಳುವ ಪ್ರಶ್ನೆ ಗಟ್ಟಿಯಾಗುತ್ತದೆ. ಹೆಸರು ಹಾಟ್ ಟ್ಯಾಪಿಂಗ್. ಓಡುತ್ತಿರುವ ಕಾವೇರಿ ಲೈನಿಗೆ ನೀರು ನಿಲ್ಲಿಸದೆ ಸ್ಯಾಡಲ್ ಕಟ್ಟಿ, ಅದರ ಮೂಲಕವೇ ತೂತು ಕೊರೆದು ಮನೆಗೆ ಕನೆಕ್ಷನ್ ಎಳೆಯುತ್ತಾರಲ್ಲ, ತತ್ವ ಅದೇ. ಮೊದಲು ಸೋನಾರ್ ಓಡಿಸಿ ಹಡಗು ಯಾವ ಕಡೆ ವಾಲಿದೆ ನೋಡುತ್ತಾರೆ. ತಗಡಿಗೆ ಅಂಟಿದ ಚಿಪ್ಪು, ತುಕ್ಕು ಕೆರೆದು ಅಲ್ಟ್ರಾಸೌಂಡ್‌ನಿಂದ ದಪ್ಪ ಅಳೆಯುತ್ತಾರೆ. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ಟ್ಯಾಂಕಿನ ಈಗಿನ ಮೇಲ್ಭಾಗದಲ್ಲಿ ಸೇರಿರುತ್ತದೆ. ಹಡಗು ತಲೆಕೆಳಗಾಗಿದ್ದರೆ ಅದು ಮೊದಲಿನ ತಳ. ಅಲ್ಲಿ ಫ್ಲ್ಯಾಂಜ್ (ಪೈಪ್ ಜೋಡಿಸುವ ಉಕ್ಕಿನ ಬಳೆ) ಬಿಗಿದು, ವಾಲ್ವ್ ಕೂರಿಸಿ, ವಾಲ್ವಿನ ಒಳಗಿಂದ ಕೊರೆದು, ಡ್ರಿಲ್ ಹೊರಗೆಳೆದು ವಾಲ್ವ್ ಮುಚ್ಚುತ್ತಾರೆ. ಒಂದು ಹನಿ ಹೊರಗೆ ಬರಬಾರದು. ಆಮೇಲೆ ಹೋಸ್ ಜೋಡಿಸಿ ಪಂಪ್. ಕೆಳಗೆ ಇನ್ನೊಂದು ತೂತು ಬೇಕು, ಎಣ್ಣೆ ಹೋದ ಜಾಗಕ್ಕೆ ಸಮುದ್ರದ ನೀರು ಒಳಗೆ ಬರಬೇಕಲ್ಲ. ಚಳಿ ದೇಶದಲ್ಲಿ ಫರ್ನೇಸ್ ಆಯಿಲ್ ಗಟ್ಟಿಯಾಗಿ ಕೂತಿರುತ್ತದೆ, ಉಗಿ ಕೊಟ್ಟು ಕಾಯಿಸಬೇಕು. ನಮ್ಮ ಕಡೆ ಕಮ್ಮಿ ಆಳದ ನೀರು ಬೆಚ್ಚಗಿರುವುದರಿಂದ ಆ ಕಷ್ಟ ಕಮ್ಮಿ, ಆದರೆ ಅದೇ ಕಾರಣಕ್ಕೆ ಸೋರಿಕೆಯೂ ಸಲೀಸು.

ಸುಮಾರು 50 ಮೀಟರ್ ದಾಟಿದರೆ ಮಾಮೂಲಿ ಡೈವಿಂಗ್ ಸಾಲದು. ಮುಳುಗುಗಾರರು ಒತ್ತಡದ ಕೋಣೆಯಲ್ಲೇ ವಾರಗಟ್ಟಲೆ ಬದುಕುತ್ತಾ ದಿನಾ ಕೆಲಸಕ್ಕೆ ಇಳಿಯುತ್ತಾರೆ. ಎಲ್ಸಾ 3 ಕೂತಿರುವುದು ಹೆಚ್ಚು ಕಮ್ಮಿ ಇದೇ ಆಳದಲ್ಲಿ. 2002ರ ನವೆಂಬರ್‌ನಲ್ಲಿ 77,000 ಟನ್ ಎಣ್ಣೆಯೊಂದಿಗೆ ಸ್ಪೇನ್ ಆಚೆ ಮುಳುಗಿದ ಪ್ರೆಸ್ಟೀಜ್ ಮೂರೂವರೆ ಕಿಲೋಮೀಟರ್ ಆಳಕ್ಕೆ ಹೋಯಿತು, ಅಲ್ಲಿಂದಲೂ ರೋಬಾಟ್ ಕಳಿಸಿ, ದೊಡ್ಡ ಅಲ್ಯೂಮಿನಿಯಂ ತೊಟ್ಟಿಗಳಿಗೆ ತುಂಬಿಸಿ 2004ರಲ್ಲಿ ಸುಮಾರು 13,000 ಟನ್ ತೆಗೆದರು. ಹಾಗಾಗಿ ಆಳ ಜಾಸ್ತಿ, ಆಗಲ್ಲ ಅನ್ನುವ ಉತ್ತರ ಬಂದರೆ ಒಪ್ಪಬೇಡಿ. ದುಡ್ಡು ಜಾಸ್ತಿ ಅಂದರೆ ಅದು ನಿಜವಾದ ಉತ್ತರ. ಯುದ್ಧದ ಹಡಗುಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅವು ಸಮಾಧಿಯೂ ಹೌದು. 1939ರಲ್ಲಿ ಸ್ಕಾಟ್ಲೆಂಡಿನಲ್ಲಿ 800ಕ್ಕೂ ಜಾಸ್ತಿ ಜನರೊಂದಿಗೆ ಮುಳುಗಿದ ರಾಯಲ್ ಓಕ್‌ನಿಂದ ಬ್ರಿಟಿಷರು ಹಡಗನ್ನು ಅಲುಗಿಸದೆ, ಇದೇ ವಿಧಾನದಲ್ಲಿ ಎಣ್ಣೆ ತೆಗೆದರು.

ದುಡ್ಡು ಯಾರದು, ಕೇಳೋದು ಯಾರನ್ನ

ಮುಳುಗಿದ ಹಡಗು ತೆಗೆಯುವ ಬಗ್ಗೆ 2007ರಲ್ಲಿ ನೈರೋಬಿಯಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಆಯಿತು, 2015ರ ಏಪ್ರಿಲ್ 14ರಿಂದ ಜಾರಿಯಲ್ಲಿದೆ, ಭಾರತವೂ ಸೇರಿದೆ. 300 ಗ್ರಾಸ್ ಟನ್ನೇಜ್ (ಹಡಗಿನ ಗಾತ್ರದ ಅಳತೆ) ಮತ್ತು ಅದಕ್ಕಿಂತ ದೊಡ್ಡ ಹಡಗು ತನ್ನ ಅವಶೇಷ ತೆಗೆಯುವ ಖರ್ಚಿಗೆ ವಿಮೆ ಮಾಡಿಸಿರಲೇಬೇಕು. ಆದರೆ ಗಡಿಯಾರ ಓಡುತ್ತಿರುತ್ತದೆ. ಅಪಾಯ ಇದೆ ಅಂತ ಸರ್ಕಾರ ತೀರ್ಮಾನಿಸಿದ ಮೂರು ವರ್ಷದೊಳಗೆ, ಏನೇ ಆದರೂ ಅಪಘಾತದ ದಿನದಿಂದ ಆರು ವರ್ಷದೊಳಗೆ ಖರ್ಚಿಗೆ ದಾವೆ ಹೂಡಬೇಕು. ಯುದ್ಧದಲ್ಲಿ ಮುಳುಗಿದ್ದಕ್ಕೆ ಇದು ಅನ್ವಯಿಸಲ್ಲ. ನಿಮ್ಮ ಪಟ್ಟಿಗೆ ಈ ಆರು ವರ್ಷದ ಕಾಲಂ ಸೇರಿಸಿ, ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವ ಕಾಲಂ ಇದೇ.

ತಡ ಅಂದರೆ ಎಷ್ಟು ತಡ ಅನ್ನೋದಕ್ಕೆ ಗೋವಾ ನೋಡಿ. 2000ದ ಜೂನ್‌ನಲ್ಲಿ ಕಾಂದೋಳಿ ಬೀಚಿನಲ್ಲಿ ಸಿಕ್ಕಿಕೊಂಡ ರಿವರ್ ಪ್ರಿನ್ಸೆಸ್ ಹತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಇತ್ತು, ಆ ಕಾಲದಲ್ಲಿ ಗೋವಾ ಟ್ರಿಪ್ ಮಾಡಿದವರ ಆಲ್ಬಮ್ಮಿನಲ್ಲೆಲ್ಲ ಅದು ಇರುತ್ತದೆ. 2011ರ ಆಗಸ್ಟ್‌ನಲ್ಲಿ ಮುಂಬೈ ಆಚೆ ಕಲ್ಲಿದ್ದಲು, ಎಣ್ಣೆಯೊಂದಿಗೆ ಮುಳುಗಿದ ರಾಕ್ ಹಡಗಿಗೆ ಹಸಿರು ನ್ಯಾಯಮಂಡಳಿ 100 ಕೋಟಿ ರೂಪಾಯಿ ಪರಿಹಾರ ಕಟ್ಟಿ ಅಂದಿದ್ದು 2016ರಲ್ಲಿ.

ಈಗ ಪತ್ರ. ಎಣ್ಣೆ ಸೋರಿಕೆಯ ವಿಷಯದಲ್ಲಿ ದೇಶಕ್ಕೆಲ್ಲ ಹೊಣೆ ಕೋಸ್ಟ್ ಗಾರ್ಡಿನದು. ಕರ್ನಾಟಕದ ಜಿಲ್ಲಾ ಮುಖ್ಯ ಕಚೇರಿ ಪಣಂಬೂರಿನಲ್ಲಿದೆ. ಹಡಗಿನ ವಿಮೆ, ಮಾಲೀಕತ್ವ, ತೆಗೆಯುವ ಆದೇಶ ಇದೆಲ್ಲ ಮುಂಬೈನ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್. ಬಂದರಿನ ಹತ್ತಿರದ್ದಾದರೆ ನವಮಂಗಳೂರು ಬಂದರು ಪ್ರಾಧಿಕಾರ. ನೀರಿನ ಪರೀಕ್ಷೆಯ ವರದಿಗೆ ಇಲ್ಲೇ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿ. ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಒಬ್ಬೊಬ್ಬರಿಗೆ ಅವರದೇ ಪ್ರಶ್ನೆ ಕಳಿಸಿ.

ಕೇಂದ್ರದ ಕಚೇರಿಗಳಿಗೆ ಆರ್‌ಟಿಐ ಆನ್‌ಲೈನ್‌ನಲ್ಲೇ ಹಾಕಬಹುದು, 10 ರೂಪಾಯಿ. 'ಮಾಲಿನ್ಯ ತಡೆಯೋಕೆ ಏನು ಮಾಡಿದ್ದೀರಿ' ಅಂತ ಕೇಳಿದರೆ 'ಸೂಕ್ತ ಕ್ರಮ ಕೈಗೊಳ್ಳಲಾಗಿದೆ' ಅಂತ ಬರುತ್ತದೆ, ಗ್ಯಾರಂಟಿ. ದಾಖಲೆ ಕೇಳಿ. ಇಂಥ ಹಡಗಿನಲ್ಲಿ ಮುಳುಗುವಾಗ ಇದ್ದ ಎಣ್ಣೆಯ ಟ್ಯಾಂಕ್‌ವಾರು ಲೆಕ್ಕದ ಪ್ರತಿ. ಅದರಲ್ಲಿ ತೆಗೆದದ್ದು ಎಷ್ಟು ಅನ್ನುವ ವರದಿಯ ಪ್ರತಿ. ಕೊನೆಯ ಬಾರಿ ಮುಳುಗುಗಾರರು ಅಥವಾ ರೋಬಾಟ್ ಪರೀಕ್ಷಿಸಿದ ದಿನಾಂಕ. ಅವಶೇಷ ಅಪಾಯಕಾರಿ ಅಂತ ಘೋಷಿಸಿದ ಆದೇಶ, ಇದ್ದರೆ. ವಿಮಾ ಪ್ರಮಾಣಪತ್ರದ ಪ್ರತಿ ಮತ್ತು ಅವಧಿ. ಒಂದು ಅರ್ಜಿಗೆ ಒಂದೇ ಹಡಗು. ಸ್ಯಾಟಲೈಟ್ ಚಿತ್ರದಲ್ಲಿ ಏನಾದರೂ ಕಂಡಿದ್ದರೆ ಅದನ್ನು ಆರ್‌ಟಿಐಗೆ ತುರುಕಬೇಡಿ, ಚಿತ್ರದ ದಿನಾಂಕ, ಗಾಳಿಯ ವೇಗ, ಅಕ್ಷಾಂಶ ರೇಖಾಂಶ ಹಾಕಿ ಬೇರೆ ಇಮೇಲ್ ಕೋಸ್ಟ್ ಗಾರ್ಡಿಗೆ ಕಳಿಸಿ, ಕಾರಣ ಮಾತ್ರ ಊಹಿಸಬೇಡಿ.

ಕಳಿಸುವ ಕಾಲ ಆಗಸ್ಟ್. ಸಮುದ್ರದಲ್ಲಿ ಇಂಥ ಕೆಲಸ ಮಾಡೋಕೆ ಆಗೋದು ಮಳೆ ನಿಂತ ಮೇಲೆ. ಸೆಪ್ಟೆಂಬರ್‌ನಲ್ಲಿ ಉತ್ತರ ಕೈಗೆ ಬಂದರೆ ಮುಂದಿನ ಮಳೆಗಾಲದೊಳಗೆ ಏನಾದರೂ ಮಾಡಿ ಅಂತ ಕೇಳಲು ಎಂಟು ತಿಂಗಳಾದರೂ ಸಿಗುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಕೇಂದ್ರದ ಕಚೇರಿಗಳಲ್ಲಿ ಅದಕ್ಕೆ ಶುಲ್ಕ ಇಲ್ಲ. ಬಂದ ಉತ್ತರವನ್ನು ಪಟ್ಟಿಯಲ್ಲಿ ಆ ಹಡಗಿನ ಸಾಲಿಗೆ ದಿನಾಂಕದ ಜೊತೆ ಸೇರಿಸಿ. 'ಮಾಹಿತಿ ಲಭ್ಯವಿಲ್ಲ' ಅಂತ ಬಂದರೂ ಸೇರಿಸಿ, ಮುಂದೆ ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಯಾರಾದರೂ ಹೋದರೆ ಅವರ ವಕೀಲರು ಮೊದಲು ಕೇಳೋದು ಅದೇ ಕಾಗದ.